ರಜೆಯ ಕಾಯಿದೆಗಳೂ ನಮ್ಮ ಸೀಮೆಯ ಧಣಿಗಳೂ

ಉತ್ಸವದಿನಗಳಲ್ಲಿ ಅವಶ್ಯಕಾರ್ಯವಿಲ್ಲದೆ ಭೃತ್ಯರನ್ನು ದುಡಿಸಲಾಗದು, ರೋಗಿಯಾದವನ ಸಂಬಳವನ್ನು ಪೂರ್ತಿಯಾಗಿ ನಿಲ್ಲಿಸಲಾಗದು ಎಂಬುದು ಶುಕ್ರನೀತಿಯ ಅಭಿಪ್ರಾಯ. ಆದರೆ ಅದು ಅರಸನ ಊಳಿಗದವರನ್ನು ಕುರಿತ ಮಾತು. ಹೊಲದ ಆಳಿನ ಮೇಲೆ ಅದರ ನೆರಳೂ ಬೀಳಲಿಲ್ಲ.

ಹೆಗ್ಗಡದೇವನಕೋಟೆಯ ಕಡೆಯ ಹಿರಿಯರಿಗೆ ಜೀತವೆಂದರೇನೆಂಬುದನ್ನು ವಿವರಿಸಬೇಕಾದುದಿಲ್ಲ. ತಂದೆಯ ಸಾಲಕ್ಕೆ ಮಗನು ದುಡಿಯುತ್ತಿದ್ದನು. ಜ್ವರದಿಂದ ಮಲಗಿದ ದಿನಗಳು ಸಾಲದ ಲೆಕ್ಕಕ್ಕೇ ಸೇರುತ್ತಿದ್ದುದೂ ಉಂಟು. 1975ರ ಅಕ್ಟೋಬರಿನ ಸುಗ್ರೀವಾಜ್ಞೆಯೂ 1976ರ ಕೇಂದ್ರದ ಕಾಯಿದೆಯೂ ಈ ಪದ್ಧತಿಯನ್ನು ರದ್ದುಪಡಿಸಿದುವು. ಆಗ ರಾಜ್ಯದ ಮುಖ್ಯಮಂತ್ರಿಗಳಾಗಿದ್ದವರು ನಮ್ಮ ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯ ದೇವರಾಜ ಅರಸರು. ಬಡವರ ಸಾಲಗಳನ್ನು ಮನ್ನಾ ಮಾಡಿದ ರಾಜ್ಯದ ಕಾಯಿದೆಯೂ ಅವರ ಕಾಲದ್ದೇ. ಸಾಲವು ತೀರದೆ ರಜೆಯ ಮಾತೆಲ್ಲಿ ಬಂದೀತು?

ಕಾರ್ಖಾನೆಯ ಆಳಿಗೆ ಈ ಹಕ್ಕು ಮೊದಲೇ ಒದಗಿದ್ದಿತು. 1948ರ ಕಾರ್ಖಾನೆಗಳ ಕಾಯಿದೆಯಂತೆ ವರ್ಷದಲ್ಲಿ 240 ದಿನ ದುಡಿದವನಿಗೆ ಪ್ರತಿ 20 ದಿನಗಳಿಗೊಂದರಂತೆ ಸಂಬಳಸಹಿತ ರಜೆ. ಅಂಗಡಿಗಳವರಿಗೆ 1961ರ ರಾಜ್ಯದ ಕಾಯಿದೆ. 2025ರ ನವೆಂಬರು 21ರಂದು ಜಾರಿಗೆ ಬಂದ ಕೇಂದ್ರದ ಸಂಹಿತೆಯು ಆ 240ನ್ನು 180ಕ್ಕೆ ಇಳಿಸಿತು, ನೇಮಕಪತ್ರವನ್ನು ಕೊಡುವುದನ್ನು ಕಡ್ಡಾಯಮಾಡಿತು. ಅದೇ ತಿಂಗಳು ರಾಜ್ಯಸರಕಾರವು, ನೋಂದಣಿಯಾದ ಕಾರ್ಖಾನೆ, ಅಂಗಡಿ, ತೋಟ ಮೊದಲಾದೆಡೆಗಳಲ್ಲಿ ದುಡಿಯುವ ಸ್ತ್ರೀಯರಿಗೆ ಋತುಕಾಲದಲ್ಲಿ ತಿಂಗಳಿಗೊಂದು ದಿನದ ಸಂಬಳಸಹಿತ ರಜೆಯನ್ನು ಆಜ್ಞಾಪಿಸಿತು. ಕೃಷ್ಣರಾಜನಗರದ ಅಕ್ಕಿಗಿರಣಿಯವರೂ ಹುಣಸೂರಿನ ವರ್ತಕರೂ ಇವನ್ನು ಈಗಲೇ ಓದಿಕೊಳ್ಳುವುದೊಳ್ಳೆಯದು. ಇನ್‌ಸ್ಪೆಕ್ಟರು ಬಾಗಿಲಿಗೆ ಬಂದ ದಿನ ಕಾಯಿದೆಯನ್ನು ಹುಡುಕುವ ಧಣಿಗಳು ನಮ್ಮಲ್ಲಿ ಬಹುಮಂದಿ!

ಈ ಲೆಕ್ಕಕ್ಕೆ ಸಿಕ್ಕದವರೂ ಉಂಟು. ಹುಣಸೂರು, ಪಿರಿಯಾಪಟ್ಟಣಗಳಲ್ಲಿ ಮಳೆಗಾಲದ ನಡುವೆ ಹೊಗೆಸೊಪ್ಪನ್ನು ಮುರಿದು ತಂದು, ಕಡ್ಡಿಗೆ ಕಟ್ಟಿ ಬ್ಯಾರನ್ನಿಗೆ ಏರಿಸುವರು. ಅಲ್ಲಿಂದ ಹಲವು ದಿನ ಹಗಲಿರುಳೂ ಬೆಂಕಿಯನ್ನು ಕಾಯತಕ್ಕದ್ದು. ಸೊಪ್ಪು ಕಟ್ಟುವವರು ಬಹುಮಟ್ಟಿಗೆ ಹೆಂಗಸರು, ದಿನಗೂಲಿಯವರು. ಬ್ಯಾರನ್ನು ರೈತನ ಹೊಲದಲ್ಲಿರುವುದು, ನೋಂದಣಿಯಾದ ಕಾರ್ಖಾನೆಯಲ್ಲಿ ಅಲ್ಲ. ಆದುದರಿಂದ ಈ ಹೊಸ ಆಜ್ಞೆಯು ಅವರನ್ನು ಮುಟ್ಟಲಿಲ್ಲ. ರೈತನೂ ಸಿರಿವಂತನೇನಲ್ಲ, ಹರಾಜಿನ ಬೆಲೆಯನ್ನು ನಂಬಿ ಸಾಲವೆತ್ತಿದವನೇ. ಆದರೂ ಕೂಲಿಯ ಲೆಕ್ಕವನ್ನು ಬರೆಯುವ ಪುಸ್ತಕದಲ್ಲಿ ಆಕೆಯ ಹೆಸರನ್ನೂ ದುಡಿದ ದಿನಗಳನ್ನೂ ಬರೆದಿಡುವುದಕ್ಕೆ ಯಾವ ಆಜ್ಞೆಯೂ ಬೇಕಾಗಿಲ್ಲ. ಗೌರಿಹಬ್ಬವು ಬರುವುದು ಈ ಬೆಂಕಿಯ ಕಾಲದಲ್ಲಿಯೇ. ಬಾಗಿನವನ್ನು ಕೊಟ್ಟು ಆಕೆಯು ಮರುಗಳಿಗೆಯೇ ಸೊಪ್ಪಿನ ರಾಶಿಯ ಮುಂದೆ ಬಂದು ಕೂರುವಳು.