ಸುಟ್ಟಿದ್ದಲ್ಲ, ಪೆಟ್ಟು ತಿಂದಿದ್ದು: ಶಿವನಸಮುದ್ರದಿಂದ ಜಯನಗರದ ಟ್ರಾನ್ಸ್‌ಫಾರ್ಮರ್‌ವರೆಗೆ



ಹೋದ ಮಳೆಗಾಲದಲ್ಲಿ ಜಯನಗರದ ನಮ್ಮ ರಸ್ತೆಯಲ್ಲಿ ಮರದ ಕೊಂಬೆ ತಂತಿ ಮೇಲೆ ಬಿತ್ತು. ಫುಟ್‌ಪಾತ್ ಮೇಲಿರೋ ಟ್ರಾನ್ಸ್‌ಫಾರ್ಮರ್‌ನಿಂದ 'ದಡ್' ಅಂತ ಒಂದೇ ಸದ್ದು. ಫ್ಯೂಸ್ ಹಾಕಿದ ಮೇಲೆ ಕರೆಂಟ್ ಬಂತು. ಒಂದೂವರೆ ತಿಂಗಳಾದ ಮೇಲೆ, ಮಳೆಯೂ ಇಲ್ಲದ ಗಾಳಿಯೂ ಇಲ್ಲದ ಒಂದು ಮಧ್ಯಾಹ್ನ ಅದು ಕೆಟ್ಟು ಕೂತಿತು. 'ಸುಟ್ಟೋಯ್ತು' ಅಂದ್ರು ಎಲ್ರೂ. ಇಳಿಸೋಕೆ ಬಂದ ಹಿರಿಯ ಲೈನ್‌ಮನ್ ಮಾತ್ರ, "ಅವತ್ತೇ ಒಳಗೆ ಪೆಟ್ಟು ಬಿದ್ದಿತ್ತು ಸಾರ್, ಇವತ್ತು ಸತ್ತಿದೆ ಅಷ್ಟೆ" ಅಂದ್ರು.

ಬಿಕಾಂ ಓದಿದ ನನಗೆ ಆ ಮಾತು ತಲೇಲಿ ಕೂತುಬಿಡ್ತು. ಇವತ್ತಿನ ಸಂಚಿಕೆ ಅದರ ಬಗ್ಗೆಯೇ.

ಟ್ರಾನ್ಸ್‌ಫಾರ್ಮರ್ ಒಳಗೆ ಒಂದರೊಳಗೊಂದು ಕೂರಿಸಿದ ಎರಡು ಕಾಯಿಲ್ ಇರುತ್ತವೆ. ಕರೆಂಟ್ ಹರಿದಾಗ ಅವು ಒಂದನ್ನೊಂದು ದೂರ ತಳ್ಳುತ್ತವೆ. ಹೊರಗಿನದು ಹಿಗ್ಗೋಕೆ ನೋಡುತ್ತೆ. ಒಳಗಿನದು ಸುತ್ತಲಿಂದ ಅಮುಕಿದ ಖಾಲಿ ಎಣ್ಣೆ ಡಬ್ಬದ ಹಾಗೆ ನೆಗ್ಗೋಕೆ ನೋಡುತ್ತೆ. ದಿನನಿತ್ಯ ಈ ಬಲ ಲೆಕ್ಕಕ್ಕೇ ಇಲ್ಲ. ಆದರೆ ಬಲ ಏರೋದು ಕರೆಂಟಿನ ವರ್ಗದ ಪ್ರಮಾಣದಲ್ಲಿ. 250 ಕೆವಿಎ ಟ್ರಾನ್ಸ್‌ಫಾರ್ಮರ್ ತಗೊಳ್ಳಿ. ಅದರ ಪೂರ್ತಿ ಲೋಡು ಸುಮಾರು 333 ಆಂಪಿಯರ್. ಇಂಪೀಡೆನ್ಸ್ 4.5% ಇದ್ದರೆ, ಪಕ್ಕದಲ್ಲೇ ಶಾರ್ಟ್ ಆದಾಗ ಕರೆಂಟು ಸುಮಾರು 22 ಪಟ್ಟು. ಬಲ? 22×22, ಅಂದರೆ 484 ಪಟ್ಟು. ಮೊದಲ ಗುದ್ದು ಇದಕ್ಕಿಂತಲೂ ಜೋರು.

ಇನ್ನು ಇತಿಹಾಸ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಸುಮಾರು 147 ಕಿ.ಮೀ. ಲೈನ್ ಎಳೆದರು. 1905ರಲ್ಲಿ ಬೆಂಗಳೂರಿಗೆ ವಿದ್ಯುತ್ ದೀಪ ಬಂತು. ಆಗ ಬೆನ್ನ ಹಿಂದೆ ಇದ್ದದ್ದು ಒಂದೇ ಪವರ್‌ಹೌಸ್. ಶಾರ್ಟ್ ಆದರೂ ಅದು ತಳ್ಳೋ ಕರೆಂಟಿಗೆ ಒಂದು ಮಿತಿ ಇತ್ತು. ಆಮೇಲೆ ಜೋಗ ಸೇರಿತು, ಶರಾವತಿ ಸೇರಿತು. 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ 765 ಕೆವಿ ಲೈನಿನ ಮೂಲಕ ದಕ್ಷಿಣದ ಗ್ರಿಡ್ ದೇಶದ ಗ್ರಿಡ್‌ಗೆ ಜೋಡಣೆಯಾಯಿತು. ಕರೆಂಟ್ ಹೋಗದಿರಲಿ ಅಂತ ನಾವು ಎಲ್ಲವನ್ನೂ ಕೂಡಿಸ್ತಾ ಹೋದ ಹಾಗೆ, ಶಾರ್ಟ್ ಆದಾಗ ಬೀಳೋ ಗುದ್ದೂ ಬಲವಾಗ್ತಾ ಹೋಯ್ತು. ಸಬ್‌ಸ್ಟೇಷನ್‌ಗಳ ದೊಡ್ಡ ಟ್ರಾನ್ಸ್‌ಫಾರ್ಮರ್‌ಗಳಿಗೆ ಇದರ ಬಿಸಿ ಹೆಚ್ಚು.

ಈ ಗುದ್ದನ್ನು ಬೇಕಂತಲೇ ಕೊಟ್ಟು ನೋಡೋ ಜಾಗ ನಮ್ಮೂರಲ್ಲೇ ಇದೆ. 1960ರಲ್ಲಿ ಕೇಂದ್ರ ಸರ್ಕಾರ ಶುರುಮಾಡಿದ ಸಿಪಿಆರ್‌ಐ, ಸರ್ ಸಿ.ವಿ. ರಾಮನ್ ರಸ್ತೆಯಲ್ಲಿ. ಅಲ್ಲಿ 2500 ಎಂವಿಎ ಶಾರ್ಟ್ ಸರ್ಕ್ಯೂಟ್ ಪರೀಕ್ಷಾ ಕೇಂದ್ರ ಇದೆ. ನಿಯಮದ ಪ್ರಕಾರ ತ್ರೀ ಫೇಸ್ ಟ್ರಾನ್ಸ್‌ಫಾರ್ಮರ್‌ಗೆ ಫೇಸಿಗೆ ಮೂರರಂತೆ ಒಂಬತ್ತು ಗುದ್ದು. ನಮ್ಮ ಬೀದಿಯ ಗಾತ್ರದ್ದಾದರೆ ಒಂದೊಂದೂ ಅರ್ಧ ಸೆಕೆಂಡು. ಆಮೇಲೆ ರಿಯಾಕ್ಟೆನ್ಸ್ ಅಳೀತಾರೆ. ಗುಂಡಗಿನ ಕಾಯಿಲ್ ಆದರೆ 2%ಗಿಂತ ಜಾಸ್ತಿ ಬದಲಾಗಬಾರದು. ಬದಲಾದರೆ ಒಳಗೆ ಕಾಯಿಲ್ ಜರುಗಿದೆ ಅಂತ. ಕೊನೆಗೆ ಟ್ಯಾಂಕಿನಿಂದ ಎತ್ತಿ ಕಣ್ಣಲ್ಲೇ ನೋಡ್ತಾರೆ.

ನನ್ನಂಥ ಲೆಕ್ಕದ ಮನುಷ್ಯನಿಗೆ ಇಲ್ಲೊಂದು ಪ್ರಶ್ನೆ. ಈ ಪರೀಕ್ಷೆ ಆಗೋದು ಒಂದು ವಿನ್ಯಾಸದ ಒಂದು ಸ್ಯಾಂಪಲ್‌ಗೆ. ಪ್ರತಿಯೊಂದನ್ನೂ ಹೀಗೆ ಗುದ್ದಿ ನೋಡೋಕಾಗಲ್ಲ, ಖರ್ಚೂ ಜಾಸ್ತಿ, ಅಪಾಯವೂ ಜಾಸ್ತಿ. ಹಾಗಾದರೆ ಮಿಕ್ಕವು? ಕಾಯಿಲ್ ಗಟ್ಟಿ ನಿಲ್ಲೋದು ಅದರ ನಡುವಿನ ಪ್ರೆಸ್‌ಬೋರ್ಡ್ ಸರಿಯಾಗಿ ಒಣಗಿರೋದರಿಂದ, ಮೇಲೆ ಕೆಳಗೆ ಬಿಗಿದ ಕ್ಲ್ಯಾಂಪಿನಿಂದ. ವಯಸ್ಸಾದ ಹಾಗೆ ಬೋರ್ಡ್ ಕುಗ್ಗುತ್ತೆ, ಬಿಗಿ ಸಡಿಲವಾಗುತ್ತೆ. ರಿಪೇರಿಗೆ ಹೋಗಿ ಹೊಸದಾಗಿ ಸುತ್ತಿಸಿಕೊಂಡು ಬಂದ ಕಾಯಿಲ್‌ನ ಗಟ್ಟಿತನ ಸುತ್ತಿದವರ ಕೈಯಲ್ಲಿದೆ. ಕಡಿಮೆ ರೇಟಿನ ಟೆಂಡರ್ ಕಾಗದದಲ್ಲಿ ಆ ಕೈಗೆ ಕಾಲಂ ಇರೋದಿಲ್ಲ.

ನಮ್ಮ ರಸ್ತೆಗೆ ಈಗ ಬೇರೆ ಟ್ರಾನ್ಸ್‌ಫಾರ್ಮರ್ ಬಂದಿದೆ, ರಿಪೇರಿಯಾದದ್ದು. ಹೂವಿನ ಅಮ್ಮ ಎಂದಿನ ಹಾಗೆ ಅದರ ಬೇಲಿ ಪಕ್ಕದಲ್ಲೇ ಬುಟ್ಟಿ ಇಟ್ಕೊಂಡು ಕೂರ್ತಾರೆ. ಈ ಸಲ 'ದಡ್' ಅಂದ್ರೆ, ಕರೆಂಟ್ ಬಂತು ಅಂತ ಸುಮ್ಮನಾಗದೆ, ಒಳಗೆ ಏನಾಗಿದೆ ನೋಡಿ ಅಂತ ದೂರು ಬರೆಸಬೇಕು ಅಂದುಕೊಂಡಿದ್ದೀನಿ. ನೀವೂ ಬರೆಸಿ.

ಮುಂದಿನ ಸಂಚಿಕೆಯಲ್ಲಿ ಸಿಗೋಣ.