ಕಿಂಡಿಯಿಂದ ಕಂಡ ಕಡಲು

ನಮ್ಮ ಕೂಟದ ಹಿರಿಯರು ಹೊಸ ಕವಿತೆಗಳ ಚರ್ಚೆಯಲ್ಲಿ ಮುಳುಗಿರುವಾಗ, ಪಕ್ಕದ ಕೋಣೆಯಲ್ಲಿ ಅವರ ಮಕ್ಕಳು ದಾಳಗಳನ್ನು ಉರುಳಿಸುತ್ತ ಡಂಜನ್ಸ್ ಅಂಡ್ ಡ್ರಾಗನ್ಸ್ ಆಡುತ್ತಿರುತ್ತಾರೆ. ಒಬ್ಬ ಕತೆಯನ್ನು ನಡೆಸುತ್ತಾನೆ, ಉಳಿದವರು ಅದರೊಳಗಿನ ಪಾತ್ರಗಳಾಗುತ್ತಾರೆ. ಕತೆ ನಡೆಸುವ ಹುಡುಗ ಒಮ್ಮೆ ನಮ್ಮಲ್ಲಿ ಅಳಲು ತೋಡಿಕೊಂಡ. ಶತ್ರು ಯಾರೇ ಇರಲಿ, ತನ್ನ ಗೆಳೆಯರು ಬಾಗಿಲು ಒದ್ದು ನುಗ್ಗುವುದೊಂದನ್ನೇ ಬಲ್ಲರು. ಹೊಂಚು, ಹಿಮ್ಮೆಟ್ಟುವಿಕೆ, ಬೇಹು ಯಾವುದೂ ಅವರಿಗೆ ಬೇಡ. ತಾನಾಗಿ ಹೇಳಿಕೊಟ್ಟರೆ ಆಟ ಕೆಡುತ್ತದೆ, ಹೇಳದಿದ್ದರೆ ಅವರು ಕಲಿಯುವುದಿಲ್ಲ. ಈ ಇಕ್ಕಟ್ಟು ಅವನಿಗೆ ಹೊಸದು. ಆದರೆ ಇದರ ವಯಸ್ಸು ಇನ್ನೂರು ವರ್ಷ, ಮತ್ತು ಒಮ್ಮೆಯಾದರೂ ಸಾವಿರಾರು ನಾವಿಕರ ಜೀವ ಇದರ ಪರಿಹಾರವನ್ನೇ ನೆಚ್ಚಿಕೊಂಡಿತ್ತು.

ನಮ್ಮ ನೆಲದ ಚತುರಂಗವು ಪರ್ಷಿಯಾ, ಅರೇಬಿಯಾಗಳನ್ನು ದಾಟಿ ಯುರೋಪನ್ನು ಸೇರಿದ ಕತೆ ಎಲ್ಲರಿಗೂ ತಿಳಿದದ್ದೇ. 1780ರಲ್ಲಿ ಬ್ರನ್ಸ್‌ವಿಕ್‌ನ ಗಣಿತ ಶಿಕ್ಷಕ ಹೆಲ್‌ವಿಗ್ ಅದನ್ನು ಹಿಗ್ಗಿಸಿ, ಬೆಟ್ಟ, ಹೊಳೆ, ಊರುಗಳನ್ನು ಬಣ್ಣದ ಮನೆಗಳಾಗಿ ಸೇರಿಸಿ, ಯುದ್ಧದ ಆಟವೊಂದನ್ನು ಮಾಡಿದ. ಮನೆಗಳು ಹೆಚ್ಚಿದವು, ಆದರೆ ಚತುರಂಗದ ಮೂಲ ಗುಣ ಹಾಗೆಯೇ ಉಳಿಯಿತು: ಎರಡೂ ಪಕ್ಷಗಳಿಗೆ ಎಲ್ಲವೂ ಕಾಣುತ್ತದೆ. ನಮ್ಮ ಊರ ಜಗಲಿಕಲ್ಲಿನ ಆಡು-ಹುಲಿಯಲ್ಲೂ ಅಷ್ಟೇ. ಹುಲಿ ಎಲ್ಲಿದೆಯೆಂದು ತಿಳಿಯದ ಆಡು ಆ ಆಟದಲ್ಲಿಲ್ಲ. ಕಾಡಿನಲ್ಲಿ ಮಾತ್ರ ಇದೆ.

ಆ ಕಾಡನ್ನು ಮೇಜಿನ ಮೇಲೆ ತಂದವರು ಪ್ರಷ್ಯಾದ ರೈಸ್‌ವಿಟ್ಸ್ ತಂದೆ-ಮಗ. ತಂದೆ 1812ರಲ್ಲಿ ದೊರೆ ಮೂರನೆಯ ಫ್ರೆಡ್ರಿಕ್ ವಿಲ್‌ಹೆಲ್ಮನಿಗೆ ಒಪ್ಪಿಸಿದ್ದು ಒಂದು ಅಲಂಕಾರದ ಮೇಜು. ಅದರ ಮೇಲೆ ಬೇಕಾದಂತೆ ಜೋಡಿಸಬಲ್ಲ ನೆಲದ ತುಣುಕುಗಳು. ಫಿರಂಗಿದಳದ ಅಧಿಕಾರಿಯಾಗಿದ್ದ ಮಗ 1824ರಲ್ಲಿ ಅದನ್ನು ನಿಜವಾದ ಭೂಪಟಕ್ಕೆ ಇಳಿಸಿದ. ಒಂದೊಂದು ಸರದಿಗೆ ಎರಡು ನಿಮಿಷದ ಕಾಲಾವಧಿ. ಎಲ್ಲಕ್ಕಿಂತ ಮುಖ್ಯವಾದದ್ದು, ಇಬ್ಬರು ಎದುರಾಳಿಗಳ ನಡುವೆ ಒಬ್ಬ ತೀರ್ಪುಗಾರ. ಆಟಗಾರ ತನ್ನ ಪಡೆಯನ್ನು ತಾನೇ ಕದಲಿಸುವಂತಿಲ್ಲ. ಆಜ್ಞೆಯನ್ನು ಬರೆದು ಕೊಡಬೇಕು. ಶತ್ರುವಿನ ಪಡೆ ಕಣ್ಣಳತೆಗೆ ಬಂದಾಗಲೇ ತೀರ್ಪುಗಾರ ಅದನ್ನು ಪಟದ ಮೇಲಿಡುತ್ತಾನೆ. ಬರೆದ ಆಜ್ಞೆ ಅಸ್ಪಷ್ಟವಾಗಿದ್ದರೆ ಪಡೆಯೂ ಅಸ್ಪಷ್ಟವಾಗಿಯೇ ನಡೆಯುತ್ತದೆ. ಸರ್ಕಾರಿ ಕಡತಗಳಲ್ಲಿ ಟಿಪ್ಪಣಿ ಬರೆದು ಅದರ ಫಲವನ್ನು ಉಂಡಿರುವ ನಮ್ಮಂಥವರಿಗೆ ಈ ನಿಯಮದ ಕಠೋರ ನ್ಯಾಯವನ್ನು ವಿವರಿಸಬೇಕಿಲ್ಲ.

ಸೇನಾ ಮುಖ್ಯಸ್ಥ ಮ್ಯುಫ್ಲಿಂಗ್ ಈ ಆಟವನ್ನು ನೋಡಲು ಒಲ್ಲದ ಮನಸ್ಸಿನಿಂದ ಕುಳಿತು, ಇದು ಆಟವಲ್ಲ, ಯುದ್ಧದ ಶಿಕ್ಷಣವೇ ಎಂದು ಮೆಚ್ಚಿ ಎದ್ದನೆಂದು ಹೇಳುತ್ತಾರೆ. ಪಡೆಗಳಿಗೆಲ್ಲ ಆಟ ತಲುಪಿತು. ಅದನ್ನು ಕಟ್ಟಿದ ತರುಣನಿಗೆ ಮಾತ್ರ ಸಹೋದ್ಯೋಗಿಗಳ ಅಸೂಯೆ ದಕ್ಕಿತು. 1827ರಲ್ಲಿ ಆತ ತನ್ನ ಪ್ರಾಣವನ್ನು ತಾನೇ ಕಳೆದುಕೊಂಡ.

ಮುಂದಿನ ಅರ್ಧ ಶತಮಾನದಲ್ಲಿ ಲೆಕ್ಕದ ಕೋಷ್ಟಕಗಳು ಬೆಳೆದು ಆಟ ಭಾರವಾಯಿತು. 1876ರಲ್ಲಿ ವೆರ್ದಿ ದು ವೆರ್ನ್ವಾ ಎಂಬ ಸೇನಾಧಿಕಾರಿ, ದಾಳ ಮತ್ತು ಕೋಷ್ಟಕಗಳನ್ನು ಬದಿಗಿಟ್ಟು ಅನುಭವಿ ತೀರ್ಪುಗಾರನ ವಿವೇಕಕ್ಕೇ ಎಲ್ಲವನ್ನೂ ಬಿಡೋಣ ಎಂದ. ಹೀಗೆ ಕಲಿಸುವ ಹೊಣೆ ನಿಯಮಪುಸ್ತಕದಿಂದ ಮನುಷ್ಯನಿಗೆ ದಾಟಿತು. ಅದರೊಂದಿಗೆ ಮನುಷ್ಯನ ದೌರ್ಬಲ್ಯಗಳೂ ಒಳಬಂದವೆಂಬುದನ್ನು ಮುಂದೆ ನೋಡುತ್ತೇವೆ.

ಈ ಕತೆಯಲ್ಲಿ ನಮಗೆ ಅತ್ಯಂತ ಪ್ರಿಯವಾದ ಅಧ್ಯಾಯ ನಡೆದದ್ದು ಲಿವರ್‌ಪೂಲಿನ ಡರ್ಬಿ ಹೌಸ್ ಎಂಬ ಕಟ್ಟಡದ ಮೇಲಂತಸ್ತಿನಲ್ಲಿ, 1942ರಲ್ಲಿ. ಅಟ್ಲಾಂಟಿಕ್ ಸಾಗರದಲ್ಲಿ ಜರ್ಮನ್ ಜಲಾಂತರ್ಗಾಮಿಗಳು ಬ್ರಿಟನ್ನಿಗೆ ಆಹಾರ, ಇಂಧನ ಹೊತ್ತು ಬರುವ ಸರಕು ಹಡಗುಗಳನ್ನು ಒಂದೊಂದಾಗಿ ಮುಳುಗಿಸುತ್ತಿದ್ದವು. ಕಾವಲು ಹಡಗುಗಳ ನಾಯಕರಿಗೆ ಧೈರ್ಯಕ್ಕೇನೂ ಕೊರತೆಯಿರಲಿಲ್ಲ, ಕೊರತೆಯಿದ್ದದ್ದು ಉಪಾಯಕ್ಕೆ. ಕ್ಷಯರೋಗದಿಂದಾಗಿ ನೌಕಾಪಡೆ ನಿವೃತ್ತಿಗೊಳಿಸಿದ್ದ ಗಿಲ್ಬರ್ಟ್ ರಾಬರ್ಟ್ಸ್ ಎಂಬ ಅಧಿಕಾರಿಯನ್ನು ಮತ್ತೆ ಕರೆದು ಈ ಕೆಲಸಕ್ಕೆ ಹಚ್ಚಿದರು. ಅವರಿಗೆ ಸಿಕ್ಕ ಸಹಾಯಕರಲ್ಲಿ ಬಹುಪಾಲು ನೌಕಾಪಡೆಯ ಮಹಿಳಾ ವಿಭಾಗದ ತರುಣಿಯರು. ಯುದ್ಧದ ಹಡಗನ್ನು ನಡೆಸಿದ ಅನುಭವ ಅವರಾರಿಗೂ ಇರಲಿಲ್ಲ.

ಕೋಣೆಯ ನೆಲವೇ ಕಡಲು. ಅದರ ಮೇಲೆ ಮರದ ಪುಟ್ಟ ಹಡಗುಗಳು, ಸೀಮೆಸುಣ್ಣದ ಗೆರೆಗಳು. ಸುತ್ತ ಕ್ಯಾನ್‌ವಾಸ್ ತೆರೆಗಳು. ಅವುಗಳ ಹಿಂದೆ ಕುಳಿತ ಅಧಿಕಾರಿಗಳಿಗೆ ಕಿರಿದಾದ ಕಿಂಡಿಯಿಂದ, ಕತ್ತಲ ರಾತ್ರಿಯ ಹಡಗಿನಿಂದ ಎಷ್ಟು ಕಾಣಬಹುದೋ ಅಷ್ಟೇ ಕಾಣಬೇಕು. ಜಲಾಂತರ್ಗಾಮಿಯ ಜಾಡನ್ನು ತರುಣಿಯರು ಹಸಿರು ಸುಣ್ಣದಲ್ಲಿ ಬರೆಯುತ್ತಿದ್ದರು. ತೆರೆಯ ಹಿಂದಿನವರ ಕಣ್ಣಿಗೆ ಆ ಬಣ್ಣ ನೆಲದೊಡನೆ ಬೆರೆತುಹೋಗುತ್ತಿತ್ತು. ಆಜ್ಞೆಗಳು ಚೀಟಿಗಳಲ್ಲಿ ಹೊರಬರುತ್ತಿದ್ದವು. ಆಟ ಮುಗಿದ ಮೇಲೆ ತೆರೆ ಸರಿಸಿ, ಅಧಿಕಾರಿಗಳನ್ನು ನೆಲದ ಬಳಿಗೆ ಕರೆಯುತ್ತಿದ್ದರು. ಬಿಳಿಯ ಗೆರೆಗಳ ನಡುವೆಯೇ ಹಸಿರು ಗೆರೆ ಹಾದುಹೋಗಿದ್ದನ್ನು ಕಂಡ ನಾಯಕನಿಗೆ ಉಪನ್ಯಾಸದ ಅಗತ್ಯವಿತ್ತೇ? ರಾಬರ್ಟ್ಸ್‌ರ ಜಾಣ್ಮೆಯೆಲ್ಲ ಇರುವುದು ಈ ತೆರೆ ಸರಿಸುವ ಗಳಿಗೆಯಲ್ಲೇ ಎಂದು ನಮಗನ್ನಿಸುತ್ತದೆ.

ಆ ನೆಲ ಕಲಿಸಿದ್ದು ನಾಯಕರಿಗೆ ಮಾತ್ರವಲ್ಲ. ಜಲಾಂತರ್ಗಾಮಿ ಹೊರಗಿನಿಂದ, ದೂರದಿಂದ ಗುಂಡಿಕ್ಕುತ್ತದೆಂಬುದು ಆವರೆಗಿನ ನಂಬಿಕೆ; ಆದ್ದರಿಂದ ಹಡಗೊಂದು ಸಿಡಿದೊಡನೆ ಕಾವಲಿನವರು ಹೊರಮುಖವಾಗಿ ಧಾವಿಸುತ್ತಿದ್ದರು. ಹಳೆಯ ದಾಳಿಗಳ ವರದಿಗಳನ್ನು ರಾಬರ್ಟ್ಸ್ ಮತ್ತು ಅವರ ತರುಣಿಯರು ನೆಲದ ಮೇಲೆ ಮತ್ತೆ ಆಡಿ ನೋಡಿದಾಗ ಅಂತರದ ಲೆಕ್ಕ ಕೂಡಲಿಲ್ಲ. ಕೂಡುವುದು ಒಂದೇ ಬಗೆಯಲ್ಲಿ: ಶತ್ರು ರಾತ್ರಿ ನೀರಿನ ಮೇಲೆಯೇ ತೇಲಿ, ಹಿಂದಿನಿಂದ ಬಂದು, ಸರಕು ಹಡಗುಗಳ ಸಾಲುಗಳ ಒಳಗೇ ನುಸುಳಿರಬೇಕು. ಹುಲಿ ದೊಡ್ಡಿಯ ಒಳಗಿತ್ತು. ಕಾವಲುಗಾರರು ಕಾಡಿನ ಕಡೆಗೆ ಓಡುತ್ತಿದ್ದರು. ಪರಿಹಾರವಾಗಿ ಮೂಡಿದ ವ್ಯೂಹದಲ್ಲಿ ಕಾವಲು ಹಡಗುಗಳು ಬೆಂಗಾವಲಿನ ಹಿಂಭಾಗಕ್ಕೆ ಸರಿದು, ಸಾಲುಗಟ್ಟಿ ಶೋಧಿಸಬೇಕು. ಹಿಟ್ಲರನನ್ನು ಅಣಕಿಸುವ ಧ್ವನಿಯಲ್ಲಿ ಅದಕ್ಕೆ ರಾಸ್ಪ್‌ಬೆರಿ ಎಂದು ಹೆಸರಿಟ್ಟವಳು ಜೀನ್ ಲೇಡ್ಲಾ ಎಂಬ ತರುಣಿ.

ಅದೇ ವರ್ಷದ ಕೊನೆಯಲ್ಲಿ ಅಧಿಕಾರ ವಹಿಸಿಕೊಂಡ ಅಡ್ಮಿರಲ್ ಮ್ಯಾಕ್ಸ್ ಹಾರ್ಟನ್ ಸ್ವತಃ ಹಳೆಯ ಜಲಾಂತರ್ಗಾಮಿ ವೀರ. ಶತ್ರುವಿನ ಪಾತ್ರವನ್ನು ತಾನೇ ಆಡುತ್ತೇನೆಂದು ಬಂದು ಕುಳಿತ ಆತ ಮತ್ತೆ ಮತ್ತೆ ಮುಳುಗಿದ. ತೆರೆ ಸರಿಸಿದಾಗ ಎದುರಿಗಿದ್ದವಳು ಜ್ಯಾನೆಟ್ ಓಕೆಲ್ ಎಂಬ, ಇಪ್ಪತ್ತರ ಆಸುಪಾಸಿನ ಹುಡುಗಿ. ಯುದ್ಧ ಮುಗಿಯುವ ವೇಳೆಗೆ ಆ ನೆಲದ ಮೇಲೆ ಸುಮಾರು 5,000 ಅಧಿಕಾರಿಗಳು ಕಲಿತು ಹೋಗಿದ್ದರು.

ಅದೇ 1942ರ ಮೇ ತಿಂಗಳಲ್ಲಿ, ಭೂಗೋಳದ ಇನ್ನೊಂದು ಬದಿಯಲ್ಲಿ, ಜಪಾನಿನ ಯಮಾಟೊ ಎಂಬ ಯುದ್ಧನೌಕೆಯ ಮೇಲೆ ಮಿಡ್‌ವೇ ದಾಳಿಯ ಪೂರ್ವಾಭ್ಯಾಸದ ಆಟ ನಡೆಯಿತು. ವಿಮಾನ ದಳದ ಫುಚಿದಾ ಯುದ್ಧಾನಂತರ ಬರೆದಿರುವಂತೆ, ದಾಳದ ತೀರ್ಪಿನಂತೆ ಜಪಾನಿನ ವಿಮಾನವಾಹಕಗಳ ಮೇಲೆ 9 ಬಾಂಬುಗಳು ಬಿದ್ದವು. ಅಧ್ಯಕ್ಷ ಸ್ಥಾನದಲ್ಲಿದ್ದ ಅಡ್ಮಿರಲ್ ಉಗಾಕಿ ಅದನ್ನು 3 ಎಂದು ತಿದ್ದಿಸಿದ. ಮುಳುಗಿದ್ದ ಕಾಗಾ ಹಡಗು ಮುಂದಿನ ಆಟದಲ್ಲಿ ಮತ್ತೆ ತೇಲಿತು. ಜೂನ್ ತಿಂಗಳ ನಿಜವಾದ ಕಡಲಿನಲ್ಲಿ ಕಾಗಾ ಸೇರಿ 4 ವಿಮಾನವಾಹಕಗಳು ಮುಳುಗಿದವು. ಅಲ್ಲಿ ತಿದ್ದಲು ತೀರ್ಪುಗಾರನಿರಲಿಲ್ಲ. ಒಂದು ಆಟವೇ ಯುದ್ಧವನ್ನು ಸೋಲಿಸಿತೆನ್ನುವುದು ಅತಿಶಯ. ಆದರೂ ತನ್ನವರ ಮೇಲಿನ ಮಮತೆಯಿಂದಲೋ ಮೇಲಿನವರ ಭಯದಿಂದಲೋ ದಾಳವನ್ನು ಹೊರಳಿಸುವ ತೀರ್ಪುಗಾರ ಆಟಗಾರರಿಂದ ಏನನ್ನು ಕಸಿದುಕೊಳ್ಳುತ್ತಾನೆಂಬುದಕ್ಕೆ ಇದಕ್ಕಿಂತ ಸ್ಪಷ್ಟ ನಿದರ್ಶನ ನಮಗೆ ಸಿಕ್ಕಿಲ್ಲ.

ಮಕ್ಕಳ ಕೋಣೆಗೆ ಹಿಂತಿರುಗುವ ದಾರಿ ಅಮೆರಿಕದ ಮೂಲಕ. ಚಾರ್ಲ್ಸ್ ಟಾಟನ್ ಎಂಬ ಸೇನಾಧಿಕಾರಿಯ 1880ರ ಯುದ್ಧಕ್ರೀಡಾ ಗ್ರಂಥ ಮಿನ್ನೆಸೋಟ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಡೇವಿಡ್ ವೆಸ್ಲಿ ಎಂಬ ವಿದ್ಯಾರ್ಥಿಯ ಕೈಗೆ ಸಿಕ್ಕಿತು. ಆಟಗಾರ ಏನನ್ನು ಬೇಕಾದರೂ ಪ್ರಯತ್ನಿಸಬಹುದು, ಫಲವನ್ನು ತೀರ್ಪುಗಾರ ನಿರ್ಣಯಿಸುತ್ತಾನೆ ಎಂಬ ಪ್ರಷ್ಯದ ಹಳೆಯ ತತ್ತ್ವ ಅದರಲ್ಲಿತ್ತು. 1969ರಲ್ಲಿ ವೆಸ್ಲಿ ಆಡಿಸಿದ ಬ್ರಾನ್‌ಸ್ಟೈನ್ ಆಟದಲ್ಲಿದ್ದ ಡೇವ್ ಆರ್ನೆಸನ್, ಮುಂದೆ ಗ್ಯಾರಿ ಗೈಗ್ಯಾಕ್ಸ್ ಜೊತೆಗೂಡಿ 1974ರಲ್ಲಿ ಡಂಜನ್ಸ್ ಅಂಡ್ ಡ್ರಾಗನ್ಸ್ ಹೊರತಂದ.

ನಮ್ಮ ಹುಡುಗನಿಗೆ ನಾವು ಇದನ್ನೆಲ್ಲ ಹೇಳಿದಾಗ ಆತ ಹೆಚ್ಚು ಕುತೂಹಲದಿಂದ ಕೇಳಿದ್ದು ಇನ್ನೊಂದು ಸಣ್ಣ ಸಂಗತಿಯನ್ನು. 1987ರಲ್ಲಿ ಡ್ರಾಗನ್ ಪತ್ರಿಕೆಯ ಸಂಪಾದಕ ರೋಜರ್ ಮೂರ್, ಟಕರ್ ಎಂಬ ಆಟದೊಡೆಯನೊಬ್ಬನ ಬಗ್ಗೆ ಬರೆದ. ಆತನ ಗುಹೆಯಲ್ಲಿದ್ದವು ಕೋಬಾಲ್ಡ್‌ಗಳು. ಆ ಆಟದ ಅತಿ ದುರ್ಬಲ ಜೀವಿಗಳು. ಅವುಗಳಿಗೆ ಟಕರ್ ಹೊಸ ಬಲವನ್ನೇನೂ ಕೊಡಲಿಲ್ಲ, ಬುದ್ಧಿಯನ್ನಷ್ಟೇ ಕೊಟ್ಟ. ಅವು ಬೆಂಕಿ ಹಚ್ಚಿದವು, ಕಿಂಡಿಗಳ ಮರೆಯಿಂದ ಬಾಣ ಬಿಟ್ಟವು, ಗುಂಪಾಗಿ ಸೇರಿ ಕಾದವು. ಗುಹೆಯ ಆಳದಲ್ಲಿದ್ದ ಮಹಾ ರಾಕ್ಷಸರಿಗಿಂತ ಈ ಚಿಳ್ಳೆಗಳಿಗೇ ನುರಿತ ವೀರರು ಹೆಚ್ಚು ಹೆದರುತ್ತಿದ್ದರಂತೆ.

ಹುಡುಗ ಕ್ಷಣಕಾಲ ಯೋಚಿಸಿ, ಆ ಕಿಂಡಿಗಳು ಎಷ್ಟು ಅಗಲವಿದ್ದವು ಎಂದು ಕೇಳಿದ. ಡರ್ಬಿ ಹೌಸಿನ ಕಿಂಡಿಗಳೋ, ಕೋಬಾಲ್ಡ್‌ಗಳ ಕಿಂಡಿಗಳೋ ಎಂದು ನಾವು ವಿಚಾರಿಸುವಷ್ಟರಲ್ಲಿ, ಆತ ನಮ್ಮ ಕೂಟದ ಹಳೆಯ ಆಮಂತ್ರಣ ಪತ್ರವೊಂದನ್ನು ನಡುವೆ ಮಡಿಸಿ ಮೇಜಿನ ಮೇಲೆ ತೆರೆಯಂತೆ ನಿಲ್ಲಿಸಿ, ಕತ್ತರಿ ಹುಡುಕಲು ಎದ್ದಿದ್ದ.