ಬಾತ್‌ರೂಮ್ ಸಂದಿನಲ್ಲಿ ಕಪ್ಪು ಬೂಷ್ಟು: ಮನೆಯಲ್ಲಿ ರೋಗಿ ಇದ್ದಾಗ ಹಳೆಯ ಸೀಲೆಂಟ್ ಬದಲಿಸುವುದು ಹೇಗೆ?

ಬಾತ್‌ಟಬ್ ಗೋಡೆಗೆ ಸೇರುವ ಕಡೆ, ಶವರ್ ಗಾಜಿನ ಬುಡದಲ್ಲಿ, ವಾಶ್‌ಬೇಸಿನ್ ಅಂಚಿನಲ್ಲಿ ರಬ್ಬರಿನಂಥ ಬಿಳಿ ಪಟ್ಟಿಯೊಂದು ಇರುತ್ತದೆ. ಇದು ಸಿಲಿಕಾನ್ ಸೀಲೆಂಟ್. ನೀರು ಸಂದಿನೊಳಗೆ ಇಳಿಯದಂತೆ ತಡೆಯುವುದು ಇದರ ಕೆಲಸ. ಕೆಲವು ವರ್ಷಗಳಲ್ಲಿ ಇದು ಬಿರುಕು ಬಿಡುತ್ತದೆ, ಅಂಚು ಏಳುತ್ತದೆ, ಕಪ್ಪು ಚುಕ್ಕೆಗಳು ಕಾಣಿಸಿಕೊಳ್ಳುತ್ತವೆ. ಆ ಕಪ್ಪು ಬಣ್ಣ ಕೊಳೆಯಲ್ಲ, ಬೂಷ್ಟು, ಅಂದರೆ ಶಿಲೀಂಧ್ರ.

ಎಷ್ಟು ಉಜ್ಜಿದರೂ ಏಕೆ ಹೋಗುವುದಿಲ್ಲ?

ಬೂಷ್ಟು ಪಟ್ಟಿಯ ಮೇಲೆ ಮಾತ್ರ ಬೆಳೆಯುವುದಿಲ್ಲ. ಬಿರುಕುಗಳ ಒಳಗೆ, ಪಟ್ಟಿಯ ಹಿಂದೆ ನಿಂತ ನೀರಿನಲ್ಲಿಯೂ ಬೆಳೆಯುತ್ತದೆ. ಬ್ಲೀಚ್ ಹಾಕಿದರೆ ಬಣ್ಣ ಮಾಸುತ್ತದೆ, ಕೆಲವು ದಿನಗಳಲ್ಲಿ ಮತ್ತೆ ಕಪ್ಪಾಗುತ್ತದೆ. ಹಳೆಯದರ ಮೇಲೆಯೇ ಹೊಸ ಸಿಲಿಕಾನ್ ಹಚ್ಚಿದರೂ ಪ್ರಯೋಜನವಿಲ್ಲ. ಒಣಗಿದ ಸಿಲಿಕಾನ್‌ಗೆ ಹೊಸ ಸಿಲಿಕಾನ್ ಸರಿಯಾಗಿ ಅಂಟುವುದಿಲ್ಲ. ಹಳೆಯದನ್ನು ಪೂರ್ತಿ ತೆಗೆಯುವುದೊಂದೇ ದಾರಿ.

ಯಾರಿಗೆ ತೊಂದರೆ?

ಆರೋಗ್ಯವಂತರಲ್ಲಿ ಸ್ವಲ್ಪ ಬೂಷ್ಟು ಸಾಮಾನ್ಯವಾಗಿ ದೊಡ್ಡ ಕಾಯಿಲೆ ತರುವುದಿಲ್ಲ. ಆದರೆ ಆಸ್ತಮಾ, ಅಲರ್ಜಿ, ಸಿಒಪಿಡಿ ಇರುವವರಲ್ಲಿ ಕೆಮ್ಮು, ಉಬ್ಬಸ, ಮೂಗು ಸೋರುವುದು ಹೆಚ್ಚಬಹುದು. ಕೀಮೋಥೆರಪಿ ಪಡೆಯುತ್ತಿರುವವರು, ಅಂಗಾಂಗ ಕಸಿ ಆದವರು, ದೀರ್ಘಕಾಲ ಸ್ಟೀರಾಯ್ಡ್ ತೆಗೆದುಕೊಳ್ಳುವವರ ರೋಗನಿರೋಧಕ ಶಕ್ತಿ ಕುಗ್ಗಿರುತ್ತದೆ. ಇವರಿಗೆ ಶಿಲೀಂಧ್ರದಿಂದ ಶ್ವಾಸಕೋಶದ ಗಂಭೀರ ಸೋಂಕು ತಗಲುವ ಸಾಧ್ಯತೆ ಇದೆ. ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯೂ ಮನೆಯೊಳಗಿನ ತೇವ ಮತ್ತು ಬೂಷ್ಟನ್ನು ತಡೆಯಬೇಕೆಂದು ಹೇಳುತ್ತದೆ.

ಇಲ್ಲಿ ಮುಖ್ಯವಾದ ಮಾತೊಂದಿದೆ: ಬೂಷ್ಟು ಸುಮ್ಮನೆ ಇದ್ದಾಗಿಗಿಂತ ಅದನ್ನು ಕೆರೆಯುವಾಗ ಅದರ ಕಣಗಳು ಗಾಳಿಗೆ ಹೆಚ್ಚು ಹರಡುತ್ತವೆ. ಆದ್ದರಿಂದ ರೋಗಿ ಈ ಕೆಲಸ ಮಾಡಬಾರದು, ಕೆಲಸ ನಡೆಯುವಾಗ ಹತ್ತಿರವೂ ಇರಬಾರದು.

ಮೊದಲು ರೋಗಿಯ ವ್ಯವಸ್ಥೆ

ಕೆಲಸಕ್ಕೆ ಎರಡರಿಂದ ಮೂರು ದಿನ ಹಿಡಿಯುತ್ತದೆ. ಅಷ್ಟು ದಿನ ಆ ಜಾಗದಲ್ಲಿ ಸ್ನಾನ ಮಾಡುವಂತಿಲ್ಲ. ಇನ್ನೊಂದು ಬಾತ್‌ರೂಮ್ ಇದ್ದರೆ ಸರಿ. ಒಂದೇ ಇದ್ದರೆ ರೋಗಿಯನ್ನು ಹತ್ತಿರದ ಬಂಧುಗಳ ಮನೆಯಲ್ಲಿ ಇರಿಸಿ. ಅದು ಆಗದಿದ್ದರೆ ಹಾಸಿಗೆಯ ಬಳಿ ಕಮೋಡ್ ಚೇರ್ ಇಟ್ಟು, ಒದ್ದೆ ಬಟ್ಟೆಯಿಂದ ಮೈ ಒರೆಸಬಹುದು. ಕೀಮೋಥೆರಪಿ ನಡೆಯುತ್ತಿದ್ದರೆ ದಿನ ನಿಗದಿ ಮಾಡುವ ಮೊದಲು ವೈದ್ಯರನ್ನು ಕೇಳಿ.

ಯಾವ ಸೀಲೆಂಟ್ ಕೊಳ್ಳಬೇಕು?

ಅಂಗಡಿಯಲ್ಲಿ ಸಾಮಾನ್ಯವಾಗಿ ಎರಡು ಬಗೆ ಸಿಗುತ್ತವೆ. ಅಸಿಟಾಕ್ಸಿ ಬಗೆಯದು ಗಟ್ಟಿಯಾಗುವಾಗ ಅಸಿಟಿಕ್ ಆಮ್ಲದ ಆವಿ ಬಿಡುತ್ತದೆ, ವಿನೆಗರ್‌ನಂತೆ ಘಾಟು ಬರುತ್ತದೆ. ಆಸ್ತಮಾ ಇರುವವರಿಗೆ ಇದು ಕಿರಿಕಿರಿ ಉಂಟುಮಾಡಬಹುದು. ‘ನ್ಯೂಟ್ರಲ್ ಕ್ಯೂರ್’ ಬಗೆಯದರಲ್ಲಿ ವಾಸನೆ ಕಡಿಮೆ. ಆದರೆ ಅದೂ ಆವಿ ಬಿಡುತ್ತದೆ, ಕಿಟಕಿ ತೆರೆದಿರಲೇಬೇಕು. ‘ಸ್ಯಾನಿಟರಿ’ ಎಂದು ಬರೆದಿರುವುದರಲ್ಲಿ ಬೂಷ್ಟು ತಡೆಯುವ ರಾಸಾಯನಿಕ ಸೇರಿರುತ್ತದೆ. ಟಬ್ ಮತ್ತು ಗೋಡೆಯ ನಡುವಿನ ಸಂದಿಗೆ ವೈಟ್ ಸಿಮೆಂಟ್ ತುಂಬಬೇಡಿ. ಅದು ಬಾಗುವುದಿಲ್ಲ, ಬೇಗ ಬಿರುಕು ಬಿಡುತ್ತದೆ.

ಕೆಲಸದ ಕ್ರಮ

1. ಎನ್95 ಮಾಸ್ಕ್, ಕೈಗವಸು, ಕನ್ನಡಕ ಧರಿಸಿ. ಬಾತ್‌ರೂಮ್ ಬಾಗಿಲು ಮುಚ್ಚಿ, ಕಿಟಕಿ ತೆರೆದು ಎಕ್ಸಾಸ್ಟ್ ಫ್ಯಾನ್ ಹಾಕಿ. ಎನ್95 ಧೂಳನ್ನು ತಡೆಯುತ್ತದೆ, ರಾಸಾಯನಿಕದ ಆವಿಯನ್ನು ತಡೆಯುವುದಿಲ್ಲ.
2. ಪಟ್ಟಿಯ ಮೇಲೆ ಸೋಪಿನ ನೀರು ಚಿಮುಕಿಸಿ. ಧೂಳು ಏಳುವುದು ಕಡಿಮೆಯಾಗುತ್ತದೆ. ಕಟರ್‌ನಿಂದ ಎರಡೂ ಅಂಚು ಕೊಯ್ದು ಪಟ್ಟಿಯನ್ನು ಎಳೆದು ತೆಗೆಯಿರಿ. ಉಳಿದದ್ದನ್ನು ಪ್ಲಾಸ್ಟಿಕ್ ಸ್ಕ್ರೇಪರ್‌ನಿಂದ ಕೆರೆಯಿರಿ. ಚೂರುಗಳನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಬಿಗಿಯಾಗಿ ಕಟ್ಟಿ ಹೊರಗೆ ಹಾಕಿ.
3. ಸಂದನ್ನು ಸೋಪಿನ ನೀರಿನಿಂದ ಉಜ್ಜಿ, ತೊಳೆದು, ಒರೆಸಿ. ಒಂದು ದಿನ ಪೂರ್ತಿ ಒಣಗಲು ಬಿಡಿ. ಒದ್ದೆ ಜಾಗಕ್ಕೆ ಸಿಲಿಕಾನ್ ಅಂಟುವುದಿಲ್ಲ.
4. ಒಣಗಿದ ಸಂದನ್ನು ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಿ. ಹತ್ತಿರ ಬೆಂಕಿ ಬೇಡ. ಎರಡೂ ಬದಿಗೆ ಮಾಸ್ಕಿಂಗ್ ಟೇಪ್ ಹಚ್ಚಿ.
5. ಬಾತ್‌ಟಬ್ ಆಗಿದ್ದರೆ ಅದಕ್ಕೆ ಮೊದಲು ನೀರು ತುಂಬಿಸಿ. ಭಾರಕ್ಕೆ ಟಬ್ ತುಸು ಇಳಿದು ಸಂದು ಅಗಲವಾಗುತ್ತದೆ. ಸೀಲೆಂಟ್ ಗಟ್ಟಿಯಾದ ಮೇಲೆಯೇ ಆ ನೀರನ್ನು ಹೊರಗೆ ಬಿಡಿ.
6. ಸೀಲೆಂಟನ್ನು ಒಂದೇ ಸಮನೆ ಹಾಕಿ, ಕೈಗವಸು ತೊಟ್ಟ ಬೆರಳಿನಿಂದ ನಯಗೊಳಿಸಿ, ಮೇಲ್ಪದರ ಗಟ್ಟಿಯಾಗುವ ಮೊದಲೇ ಟೇಪ್ ತೆಗೆಯಿರಿ.
7. ಕನಿಷ್ಠ 24 ಗಂಟೆ ನೀರು ತಾಗಿಸಬೇಡಿ. ಪ್ಯಾಕ್ ಮೇಲೆ ಇದಕ್ಕಿಂತ ಹೆಚ್ಚು ಸಮಯ ಬರೆದಿದ್ದರೆ ಅದನ್ನೇ ಪಾಲಿಸಿ.

ಸಿಲಿಕಾನ್ ಗಟ್ಟಿಯಾಗುವುದು ಗಾಳಿಯಲ್ಲಿನ ತೇವಾಂಶದಿಂದ. ಆದ್ದರಿಂದ ಮುಂಬೈ, ಚೆನ್ನೈಗಳ ಗಾಳಿಯಲ್ಲಿ ಅದು ಸುಲಭವಾಗಿ ಗಟ್ಟಿಯಾದರೂ ಮಳೆಗಾಲದಲ್ಲಿ ಸಂದು ಒಣಗುವುದೇ ಕಷ್ಟ. ದೆಹಲಿಯ ಚಳಿಗಾಲದಲ್ಲಿ ಗಟ್ಟಿಯಾಗಲು ಹೆಚ್ಚು ಹೊತ್ತು ಬೇಕಾಗಬಹುದು. ವಾಸನೆ ಪೂರ್ತಿ ಹೋದ ಮೇಲೆಯೇ ರೋಗಿಯನ್ನು ಒಳಗೆ ಬಿಡಿ.

ಈ ತಪ್ಪು ಎಂದಿಗೂ ಮಾಡಬೇಡಿ

ಬ್ಲೀಚ್ ಅಥವಾ ಬ್ಲೀಚಿಂಗ್ ಪೌಡರ್ ಜೊತೆ ಟಾಯ್ಲೆಟ್ ತೊಳೆಯುವ ಆಸಿಡ್ ಅಥವಾ ವಿನೆಗರ್ ಬೆರೆಸಬೇಡಿ. ವಿಷಕಾರಿ ಕ್ಲೋರಿನ್ ಅನಿಲ ಹುಟ್ಟುತ್ತದೆ. ಅಮೋನಿಯಾ ಇರುವ ಗ್ಲಾಸ್ ಕ್ಲೀನರ್ ಜೊತೆಗೂ ಬೇಡ. ಒಂದರ ನಂತರ ಒಂದನ್ನು ಅದೇ ಜಾಗಕ್ಕೆ ಸುರಿಯುವುದೂ ಅಪಾಯ. ಕಣ್ಣು, ಗಂಟಲು ಉರಿದರೆ ತಕ್ಷಣ ಹೊರಗೆ ಬನ್ನಿ. ಉಸಿರಾಟಕ್ಕೆ ತೊಂದರೆಯಾದರೆ 112ಕ್ಕೆ ಕರೆ ಮಾಡಿ.

ಬೂಷ್ಟು ಮರಳದಿರಲು

ಸ್ನಾನದ ನಂತರ ಗೋಡೆ, ನೆಲಕ್ಕೆ ವೈಪರ್ ಹಾಕಿ. ಎಕ್ಸಾಸ್ಟ್ ಫ್ಯಾನ್ ಇನ್ನೂ ಅರ್ಧ ಗಂಟೆ ಓಡಲಿ. ನೆಲ ಒಣಗಿದ್ದರೆ ಹಿರಿಯರು ಜಾರಿ ಬೀಳುವ ಭಯವೂ ಕಡಿಮೆ. ಗೋಡೆ ಉಬ್ಬಿದ್ದರೆ, ಮೇಲಿನ ಫ್ಲ್ಯಾಟ್‌ನಿಂದ ನೀರು ಸೋರುತ್ತಿದ್ದರೆ ಮೊದಲು ಪ್ಲಂಬರ್ ಕರೆಸಿ. ಸೋರಿಕೆ ನಿಲ್ಲದೆ ಸೀಲೆಂಟ್ ಬದಲಿಸಿ ಫಲವಿಲ್ಲ.

ವೈದ್ಯರನ್ನು ಯಾವಾಗ ಕಾಣಬೇಕು?

ಕೀಮೋಥೆರಪಿ ಪಡೆಯುತ್ತಿರುವವರಿಗೆ 38 ಡಿಗ್ರಿ ಸೆಲ್ಸಿಯಸ್ ಅಥವಾ ಹೆಚ್ಚು ಜ್ವರ ಬಂದರೆ ಕಾಯದೆ ಆಸ್ಪತ್ರೆಗೆ ಕರೆದೊಯ್ಯಿರಿ. ಇನ್‌ಹೇಲರ್ ಬಳಸಿದರೂ ಉಬ್ಬಸ ಇಳಿಯದಿದ್ದರೆ, ಕಫದಲ್ಲಿ ರಕ್ತ ಕಂಡರೆ ತಡಮಾಡಬೇಡಿ. ಕೆಮ್ಮು ಎರಡು ವಾರ ದಾಟಿದರೆ ‘ಬಾತ್‌ರೂಮಿನ ಬೂಷ್ಟಿನಿಂದ ಇರಬೇಕು’ ಎಂದು ಸುಮ್ಮನಾಗದೆ ಕ್ಷಯರೋಗದ ಪರೀಕ್ಷೆಯನ್ನೂ ಮಾಡಿಸಿ.